ಬಿಜಾಪುರ ಚಿತ್ರಕಲೆಯಲ್ಲಿ ಗಾಯಕ-ವಾದಕರು ಮತ್ತು ಫ್ಲೆಮಿಶ್ ಪಾನಗೃಹ ಚಿತ್ರಗಳು

ಹೆಂಡದಂಗಡಿಯ ಬೆಂಚಿನ ಮೇಲೆ ಕುಳಿತು ಪಿಟೀಲು ಕುಯ್ಯುವವರು, ತಿತ್ತಿ ಕಟ್ಟಿದ ಕೊಳಲು ಊದುವವರು, ಕುಡಿದು ಕೊರಳೆತ್ತಿ ಹಾಡುವವರು 16-17ನೆಯ ಶತಮಾನಗಳ ಫ್ಲಾಂಡರ್ಸ್ ಮತ್ತು ಹಾಲೆಂಡಿನ ಜನಜೀವನ ಚಿತ್ರಕಲೆಯಲ್ಲಿ ಮತ್ತೆ ಮತ್ತೆ ಕಾಣುವ ಪಾತ್ರಗಳು. ಅದೇ ಕಾಲದಲ್ಲಿ ದಖ್ಖನಿನ ಬಿಜಾಪುರದಲ್ಲಿಯೂ (ಈಗಿನ ವಿಜಯಪುರ) ಚಿತ್ರಕಾರರು ಗಾಯಕ-ವಾದಕರನ್ನು ಬಿಡದೆ ಚಿತ್ರಿಸುತ್ತಿದ್ದರು. ಆದರೆ ಅಲ್ಲಿ ವಾದ್ಯ ಹಿಡಿದವನು ಕುಡುಕನಲ್ಲ, ಸುಲ್ತಾನ. ಈ ಎರಡು ಸಂಪ್ರದಾಯಗಳು ಒಂದನ್ನೊಂದು ಅರಿಯದೆ ಬೆಳೆದವೂ ಅಲ್ಲ. ಆಂಟ್ವರ್ಪಿನ ಅಚ್ಚುಚಿತ್ರಗಳು ಗೋವಾದ ಬಂದರಿಗೆ ಬಂದಿಳಿಯುತ್ತಿದ್ದವು. ಫ್ಲಾಂಡರ್ಸಿನ ರತ್ನವ್ಯಾಪಾರಿಯೊಬ್ಬ, ಹಾಲೆಂಡಿನ ಚಿತ್ರಕಾರನೊಬ್ಬ ಬಿಜಾಪುರದ ಆಸ್ಥಾನವನ್ನು ಕಂಡಿದ್ದರು. ಹೀಗೆ ಹಾದಿ ತೆರೆದಿದ್ದರೂ ಪಾನಗೃಹದ ವಾದ್ಯಗಾರ ಬಿಜಾಪುರದ ಚಿತ್ರದೊಳಗೆ ಬರಲಿಲ್ಲ. ಏನು ಬಂತು, ಏನು ಬರಲಿಲ್ಲ, ಯಾಕೆ ಎಂಬುದು ಈ ಲೇಖನದ ವಿಷಯ.

ಜಮಖಂಡಿಯಿಂದ ಉತ್ತರಕ್ಕೆ ಹೊರಟು ಚಿಕ್ಕಪಡಸಲಗಿಯ ಬಳಿ ಕೃಷ್ಣೆಯನ್ನು ದಾಟಿದರೆ ವಿಜಯಪುರದ ಹಾದಿ. ನದಿಯ ಈ ಎರಡೂ ದಂಡೆಗಳು 1490ರಿಂದ 1686ರವರೆಗೆ ಬಹುಮಟ್ಟಿಗೆ ಆದಿಲಶಾಹಿ ಆಳ್ವಿಕೆಗೆ ಒಳಪಟ್ಟಿದ್ದವು. ಮುಧೋಳದ ಘೋರ್ಪಡೆ ಮನೆತನದವರು ಆ ದೊರೆಗಳ ಸರದಾರರಾಗಿದ್ದರು. ಇದೇ ಸೀಮೆಯ ದಕ್ಷಿಣದಲ್ಲಿ ಬಾದಾಮಿಯ ಗುಹೆಗಳಿವೆ. ಆರನೆಯ ಶತಮಾನದ ಬಾದಾಮಿಯಿಂದ ಹದಿನೇಳನೆಯ ಶತಮಾನದ ಬಿಜಾಪುರದವರೆಗೆ ಸಂಗೀತದ ಚಿತ್ರಣಕ್ಕೆ ಇಲ್ಲಿ ತನ್ನದೇ ಆದ ಒಂದು ಚರಿತ್ರೆ ಇದೆ.

ಫ್ಲಾಂಡರ್ಸಿನ ಮಾದರಿ

ಜನಸಾಮಾನ್ಯರ ಸಂಗೀತವನ್ನು ದೊಡ್ಡ ಚಿತ್ರಗಳ ವಸ್ತುವಾಗಿಸಿದವರಲ್ಲಿ ಮೊದಲಿಗ ಹಿರಿಯ ಪೀಟರ್ ಬ್ರೂಗೆಲ್ (ನಿಧನ 1569). ವಿಯೆನ್ನಾದ ಕಲಾ ಇತಿಹಾಸ ಸಂಗ್ರಹಾಲಯದಲ್ಲಿರುವ ಅವನ 'ರೈತರ ಮದುವೆ' ಚಿತ್ರವು ಸುಮಾರು 1567ರದು. ಕಣಜದಂಥ ಒಂದು ದೊಡ್ಡ ಕೊಟ್ಟಿಗೆಯಲ್ಲಿ ಊಟ ನಡೆದಿದೆ. ಬಾಗಿಲ ಹಲಗೆಯೊಂದನ್ನು ಕಿತ್ತು ತಟ್ಟೆಯಾಗಿಸಿ ಇಬ್ಬರು ಗಂಜಿಯ ಬಟ್ಟಲುಗಳನ್ನು ಹೊತ್ತು ತರುತ್ತಿದ್ದಾರೆ. ಪಕ್ಕದಲ್ಲಿ ನಿಂತ ಇಬ್ಬರು ತಿತ್ತಿಕೊಳಲಿನವರಲ್ಲಿ ಒಬ್ಬನ ಕಣ್ಣು ವಾದ್ಯದ ಮೇಲಿಲ್ಲ, ಬರುತ್ತಿರುವ ಬಟ್ಟಲುಗಳ ಮೇಲೆ ನೆಟ್ಟಿದೆ. ಮುಖದ ಗಡ್ಡ ಬೋಳಿಸಿ ನಾಲ್ಕಾರು ದಿನವಾಗಿರಬೇಕು. ನುಡಿಸುವವನು ಕೂಲಿಯವನು, ಹಸಿದವನು, ಪಂಕ್ತಿಯ ಹೊರಗೆ ನಿಂತವನು ಎಂಬುದನ್ನು ಆ ಒಂದು ನೋಟ ಹೇಳುತ್ತದೆ. ಮುಂದೆ ಬಂದ ನೂರಾರು ಪಾನಗೃಹ ಚಿತ್ರಗಳ ಬೇರು ಇಂಥ ನೋಟದಲ್ಲಿದೆ. ಅವನ ಮಗ ಕಿರಿಯ ಪೀಟರ್ ಬ್ರೂಗೆಲ್ (1564-1638) ತಂದೆಯ ಚಿತ್ರಗಳ ನಕಲುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದರಿಂದ ಈ ಮಾದರಿ ಎಲ್ಲೆಡೆ ಹರಡಿತು.

1585ರಲ್ಲಿ ಆಂಟ್ವರ್ಪ್ ಸ್ಪೇನಿನ ಸೈನ್ಯಕ್ಕೆ ಶರಣಾದಾಗ ಪ್ರೊಟೆಸ್ಟೆಂಟ್ ಮತದ ಅನೇಕ ಕುಶಲಕರ್ಮಿಗಳು, ಚಿತ್ರಕಾರರು ಉತ್ತರದ ಹಾಲೆಂಡಿಗೆ ಗುಳೆ ಹೋದರು. ಅವರ ಜೊತೆಗೆ ಫ್ಲೆಮಿಶ್ ವಸ್ತುಗಳೂ ಹೋದವು. ದಕ್ಷಿಣದ ಮೆಕೆಲೆನ್ ಊರಿನ ಡೇವಿಡ್ ವಿಂಕ್‌ಬೋನ್ಸ್ ಆಮ್‌ಸ್ಟರ್‌ಡ್ಯಾಮಿನಲ್ಲಿ ನೆಲೆಸಿ ಜಾತ್ರೆಗಳನ್ನೂ ಬೀದಿಯ ಕುರುಡು ವಾದ್ಯಗಾರರನ್ನೂ ಚಿತ್ರಿಸಿದ. ಹಾರ್ಲೆಮ್ ನಗರದಲ್ಲಿ ವಿಲ್ಲೆಮ್ ಬೈಟೆವೆಕ್, ಡಿರ್ಕ್ ಹಾಲ್ಸ್ ಮೊದಲಾದವರು ಬೆಡಗಿನ ಉಡುಪಿನ ಯುವಕ-ಯುವತಿಯರ ಪಾನಗೋಷ್ಠಿಗಳನ್ನು 1615-25ರ ವೇಳೆಗೆ ಒಂದು ಪ್ರತ್ಯೇಕ ಬಗೆಯಾಗಿ ಬೆಳೆಸಿದರು.

ಪಾನಗೃಹ ಚಿತ್ರಕ್ಕೆ ಅದರ ಕಟು ರೂಪ ಕೊಟ್ಟವನು ಏಡ್ರಿಯಾನ್ ಬ್ರೌವರ್ (ಸುಮಾರು 1605-1638). ಹಾರ್ಲೆಮಿನಲ್ಲಿ ಕೆಲಸ ಮಾಡಿ 1630ರ ದಶಕದ ಆರಂಭದಲ್ಲಿ ಆಂಟ್ವರ್ಪಿಗೆ ಬಂದ ಇವನ ಚಿತ್ರಗಳು ಅಂಗೈಯಗಲದಿಂದ ಮೊಳದುದ್ದದವರೆಗಿನ ಚಿಕ್ಕ ಹಲಗೆಗಳು. ಮಬ್ಬುಗತ್ತಲ ಕೋಣೆ, ಹೊಗೆಸೊಪ್ಪಿನ ಕೊಳವೆ, ಇಸ್ಪೀಟಿನ ಜಗಳ, ಬಾಯಿ ಅಗಲಿಸಿ ಹಾಡುವ ಮುಖಗಳು ಇವನ ವಸ್ತು. ಕಾಲವಾದಾಗ ಇವನಿಗೆ ಇನ್ನೂ ಮೂವತ್ತರ ಆಸುಪಾಸು. ರೂಬೆನ್ಸನ ಮರಣಾನಂತರದ ಆಸ್ತಿಪಟ್ಟಿಯಲ್ಲಿ ಬ್ರೌವರನ 17 ಚಿತ್ರಗಳಿದ್ದವು. ರೆಂಬ್ರಾಂಟನೂ ಇವನ ಚಿತ್ರಗಳನ್ನು ಕೂಡಿಟ್ಟಿದ್ದ. ಬ್ರೌವರನಿಂದ ಕಲಿತ ಯೂಸ್ ವಾನ್ ಕ್ರಾಸ್‌ಬೇಕ್ ವೃತ್ತಿಯಲ್ಲಿ ರೊಟ್ಟಿ ಸುಡುವವನು. ಕಿರಿಯ ಡೇವಿಡ್ ಟೆನಿಯರ್ಸ್ (1610-1690) ಅದೇ ವಸ್ತುವನ್ನು ತಿಳಿಬಣ್ಣಗಳಲ್ಲಿ ಹದಗೊಳಿಸಿ, ಪಿಟೀಲಿನವನ ಸುತ್ತ ಕುಣಿಯುವ ರೈತರನ್ನು ಸಿರಿವಂತರ ದಿವಾನಖಾನೆಗೆ ಒಪ್ಪುವಂತೆ ಮಾಡಿದ. 1651ರಲ್ಲಿ ಅವನು ಬ್ರಸೆಲ್ಸಿನ ಆರ್ಚ್‌ಡ್ಯೂಕ್ ಲಿಯೊಪೋಲ್ಡ್ ವಿಲ್ಹೆಲ್ಮನ ಆಸ್ಥಾನ ಚಿತ್ರಕಾರನಾದ.

ಉಟ್ರೆಕ್ಟ್ ನಗರದ ಚಿತ್ರಕಾರರು ಬೇರೊಂದು ದಾರಿ ಹಿಡಿದರು. ರೋಮಿಗೆ ಹೋಗಿ ಕಾರವಾಜ್ಜೊನ ನೆರಳು-ಬೆಳಕಿನ ಪಾಠ ಕಲಿತು ಬಂದ ಹೆಂಡ್ರಿಕ್ ಟರ್ ಬ್ರೂಗೆನ್, ಗೆರಿಟ್ ವಾನ್ ಹಾಂಟ್‌ಹಾರ್ಸ್ಟ್, ಡಿರ್ಕ್ ವಾನ್ ಬಾಬುರೆನ್ ಇವರು ಕೋಣೆಯನ್ನೆಲ್ಲ ಬಿಟ್ಟು ಒಬ್ಬನೇ ವಾದ್ಯಗಾರನನ್ನು ಸೊಂಟದ ಮೇಲ್ಮಟ್ಟಕ್ಕೆ, ಜೀವಗಾತ್ರದಲ್ಲಿ ನಿಲ್ಲಿಸಿದರು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ ಹಾಂಟ್‌ಹಾರ್ಸ್ಟನ 1623ರ ಚಿತ್ರದಲ್ಲಿ ಪಿಟೀಲಿನವನೊಬ್ಬ ಪರದೆ ಸರಿಸಿ, ತುಂಬಿದ ಗಾಜಿನ ಲೋಟವನ್ನು ನೋಡುಗನತ್ತ ಎತ್ತಿ ನಗುತ್ತಾನೆ. ಬಾಬುರೆನನು 1622ರಲ್ಲಿ ಬರೆದ ವೇಶ್ಯಾಗೃಹದ ಚಿತ್ರದ ನಟ್ಟನಡುವೆ ಲ್ಯೂಟ್ ಎಂಬ ತಂತಿವಾದ್ಯ ನುಡಿಸುವ ಯುವತಿ ಇದ್ದಾಳೆ. ಮುಂದೆ ವರ್ಮೀರನು ತನ್ನ ಚಿತ್ರಗಳಲ್ಲಿ ಅದೇ ಚಿತ್ರವನ್ನು ಗೋಡೆಯ ಮೇಲೆ ತೂಗುಹಾಕಿದಂತೆ ಚಿತ್ರಿಸಿದ.

ಯಾವ ವಾದ್ಯ ಯಾರ ಕೈಯಲ್ಲಿ ಎಂಬುದಕ್ಕೆ ಅಲ್ಲಿ ಅರ್ಥವಿತ್ತು. ತಿತ್ತಿಕೊಳಲು ಹಳ್ಳಿಗರದು, ಅದರಲ್ಲಿ ಪೋಲಿತನದ ಧ್ವನಿಯೂ ಉಂಟು. ಹಿಡಿ ತಿರುಗಿಸಿ ಚಕ್ರದಿಂದ ತಂತಿ ಉಜ್ಜುವ ಹರ್ಡಿ-ಗರ್ಡಿ ಭಿಕ್ಷುಕರದು, ಕುರುಡರದು. ಪಿಟೀಲು ಕುಣಿತದ ವಾದ್ಯ. ಲ್ಯೂಟ್ ಪ್ರೇಮಿಗಳದು, ಅದರ ತಂತಿ ಕಡಿದಿದ್ದರೆ ಒಡೆದ ಹೊಂದಾಣಿಕೆಯ ಸೂಚನೆ. ಐದು ಇಂದ್ರಿಯಗಳ ಚಿತ್ರಮಾಲೆಗಳಲ್ಲಿ 'ಶ್ರವಣ'ವನ್ನು ತೋರಿಸಲು ಹಾಡುವ ಕುಡುಕರನ್ನು ಬಳಸುತ್ತಿದ್ದರು. ದೊಡ್ಡವರು ಮಾಡಿದ್ದನ್ನೇ ಮಕ್ಕಳು ಮಾಡುತ್ತಾರೆ ಎಂಬ ಗಾದೆಯನ್ನು ಯಾಕೋಬ್ ಯೋರ್ಡಾನ್ಸ್ 1638ರಲ್ಲಿ ಮೂರು ತಲೆಮಾರುಗಳ ಮನೆಗಚ್ಚೇರಿಯಾಗಿ ಚಿತ್ರಿಸಿದ: ಮುದುಕರು ಹಾಡುತ್ತಾರೆ, ಮಕ್ಕಳು ಪೀಪಿ ಊದುತ್ತಾರೆ. ನೋಡಿ ನಗು, ನಕ್ಕು ಎಚ್ಚರವಾಗು ಎಂಬುದು ಈ ಚಿತ್ರಗಳ ಒಟ್ಟು ಧೋರಣೆ.

ಇವುಗಳನ್ನು ಕೊಂಡವರು ಅರಸರಷ್ಟೇ ಅಲ್ಲ. ಹಾಲೆಂಡ್ ಮತ್ತು ಫ್ಲಾಂಡರ್ಸಿನ ವರ್ತಕರು, ವಕೀಲರು, ಅನುಕೂಲಸ್ಥ ಕಸುಬುದಾರರು ಮನೆಯ ಗೋಡೆಗೆಂದು ಚಿತ್ರ ಕೊಳ್ಳುತ್ತಿದ್ದರು. ಚಿತ್ರಕಾರ ಮೊದಲು ಚಿತ್ರ ಬರೆದು ಆಮೇಲೆ ಗಿರಾಕಿಯನ್ನು ಹುಡುಕುವ ತೆರೆದ ಮಾರುಕಟ್ಟೆ ಅಲ್ಲಿತ್ತು. ಸಣ್ಣ ಅಳತೆ, ತಟ್ಟನೆ ತಿಳಿಯುವ ವಸ್ತು, ತುಸು ನಗೆ ಇದ್ದ ಪಾನಗೃಹ ಚಿತ್ರ ಆ ಮಾರುಕಟ್ಟೆಗೆ ಹೇಳಿ ಮಾಡಿಸಿದ್ದು.

ಯುರೋಪಿನ ಅನುಕರಣಗಳು

ಹಾರ್ಲೆಮಿನ ಏಡ್ರಿಯಾನ್ ವಾನ್ ಓಸ್ಟಾಡೆ (1610-1685) ಬ್ರೌವರನ ಒರಟು ರೈತರನ್ನು ವಯಸ್ಸಾದಂತೆ ಸೌಮ್ಯಗೊಳಿಸುತ್ತ ಹೋದ. ಅವನ ಬೀದಿ ಪಿಟೀಲಿನವರ ಸುತ್ತ ಮಕ್ಕಳು ನೆರೆದಿರುತ್ತಾರೆ. ಯಾನ್ ಸ್ಟೀನ್ (1626-1679) ಹೆಂಡದ ವ್ಯವಹಾರವನ್ನು ಒಳಗಿನಿಂದ ಬಲ್ಲವನು: ಡೆಲ್ಫ್ಟಿನಲ್ಲಿ ಬಿಯರ್ ತಯಾರಿಕೆಯ ಕಾರ್ಖಾನೆ ನಡೆಸಿದ್ದ, 1672ರಲ್ಲಿ ಲೈಡನ್ನಿನಲ್ಲಿ ಪಾನಗೃಹ ತೆರೆದ. ತನ್ನನ್ನೇ ಲ್ಯೂಟ್ ನುಡಿಸುವ ಉಲ್ಲಾಸಿಯಾಗಿ ಚಿತ್ರಿಸಿಕೊಂಡ ಅವನ ಸ್ವಚಿತ್ರ ಮ್ಯಾಡ್ರಿಡ್‌ನಲ್ಲಿದೆ. ಟೆನಿಯರ್ಸನ ಶೈಲಿಯ ಹಳ್ಳಿಹಬ್ಬಗಳನ್ನು ಬ್ರಸೆಲ್ಸಿನ ಮಗ್ಗಗಳಲ್ಲಿ ಗೋಡೆಪರದೆಗಳಾಗಿ ನೇಯ್ದು ಯುರೋಪಿನ ಅರಮನೆಗಳಿಗೆ ಮಾರಿದರು. ಅಂಥ ಪರದೆಗಳಿಗೆ 'ಟೆನಿಯೇರ್' ಎಂಬ ಹೆಸರೇ ನಿಂತಿತು. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಝಾಕ್-ಫಿಲಿಪ್ ಲೆ ಬಾ ಟೆನಿಯರ್ಸನ ಹಲವಾರು ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ. ಸ್ಕಾಟ್ಲೆಂಡಿನ ಡೇವಿಡ್ ವಿಲ್ಕಿ 1806ರಲ್ಲಿ ಬರೆದ ಕುರುಡು ಪಿಟೀಲಿನವನ ಚಿತ್ರ ನೇರವಾಗಿ ಈ ವಂಶದ್ದು. ಅಷ್ಟು ಹೊತ್ತಿಗೆ ಪಾನಗೃಹ ಬಡವರ ಮನೆಯಾಗಿ, ಕಟಕಿ ಕನಿಕರವಾಗಿ ಬದಲಾಗಿತ್ತು.

ಬಿಜಾಪುರಕ್ಕೆ ಮುಂಚೆ

ಕೃಷ್ಣಾ-ಮಲಪ್ರಭಾ ಸೀಮೆಯಲ್ಲಿ ಸಂಗೀತದ ಚಿತ್ರಣ ಬಾದಾಮಿಯಲ್ಲಿ ಸಿಗುತ್ತದೆ. ಚಾಲುಕ್ಯ ಮಂಗಳೇಶನು ಶಕ 500ರಲ್ಲಿ (ಕ್ರಿ.ಶ. 578) ಮಾಡಿಸಿದ ಮೂರನೆಯ ಗುಹೆಯ ಕಪೋತದ ಒಳಬಾಗಿನಲ್ಲಿ ಅರಮನೆಯ ದೃಶ್ಯವೊಂದರ ಅವಶೇಷವಿದೆ. ಒಂದು ಗಂಡು, ಒಂದು ಹೆಣ್ಣು ನರ್ತಿಸುತ್ತಿದ್ದಾರೆ. ಕೊಳಲು, ಮದ್ದಳೆ ಹಿಡಿದ ವಾದ್ಯಗಾರ್ತಿಯರು ಸುತ್ತ ಇದ್ದಾರೆ. ಪೀಠದ ಮೇಲೆ ಕುಳಿತ ಪುರುಷನೊಬ್ಬ ನೋಡುತ್ತಿದ್ದಾನೆ. ಬಣ್ಣ ಬಹುಪಾಲು ಮಾಸಿದೆ. 1930ರ ದಶಕದಲ್ಲಿ ಸ್ಟೆಲ್ಲಾ ಕ್ರಾಮ್ರಿಶ್, ಕಾರ್ಲ್ ಖಂಡಾಲಾವಾಲಾ ಮೊದಲಾದ ವಿದ್ವಾಂಸರು ಇದನ್ನು ಕಲಾ ಚರಿತ್ರೆಯ ಗಮನಕ್ಕೆ ತಂದರು. ಒಂದನೆಯ ಗುಹೆಯ ಹದಿನೆಂಟು ಕೈಗಳ ನಟರಾಜನ ಪಕ್ಕದಲ್ಲೂ ಚರ್ಮವಾದ್ಯ ಬಾರಿಸುವವನಿದ್ದಾನೆ. ಹಂಪಿಯ ವಿರೂಪಾಕ್ಷ ದೇವಾಲಯದ ಮಂಟಪದ ಮೇಲ್ಛಾವಣಿಯಲ್ಲಿ ವಿದ್ಯಾರಣ್ಯರ ಮೆರವಣಿಗೆಯೊಂದಿಗೆ ವಾದ್ಯದವರು ಸಾಗುತ್ತಾರೆ. ಈ ಎಲ್ಲೆಡೆ ವಾದ್ಯಗಾರನ ಸ್ಥಾನ ಒಂದೇ: ದೇವರ ಅಥವಾ ಅರಸನ ಸೇವೆ. ಬಿಜಾಪುರ ಈ ಪರಂಪರೆಯನ್ನು ಮುರಿಯಲಿಲ್ಲ, ಒಂದು ಹೆಜ್ಜೆ ಮುಂದೆ ಒಯ್ದಿತು.

ಎರಡನೆಯ ಇಬ್ರಾಹಿಂನ ಆಸ್ಥಾನ

ಒಂದನೆಯ ಅಲಿ ಆದಿಲಶಾಹನ ಕಾಲದ, 1570ರ 'ನುಜೂಮ್-ಅಲ್-ಉಲೂಮ್' ಎಂಬ ಜ್ಯೋತಿಷ-ಮಂತ್ರಶಾಸ್ತ್ರದ ಸಚಿತ್ರ ಗ್ರಂಥ (ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ) ಬಿಜಾಪುರದ ಚಿತ್ರಶಾಲೆಯ ಆರಂಭದ ದೊಡ್ಡ ಸಾಕ್ಷಿ. ಅದೇ ಕಾಲದ ರಾಗ-ಸ್ವರಗಳ ಚಿತ್ರಮಾಲೆಯೊಂದು 'ಜವಾಹಿರ್-ಅಲ್-ಮೂಸಿಕಾತ್-ಇ-ಮುಹಮ್ಮದಿ' ಎಂಬ ಸಂಗೀತ ಗ್ರಂಥದಲ್ಲಿ ಸೇರಿ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿದೆ. ಅಂದರೆ ಸಂಗೀತವನ್ನು ಚಿತ್ರಿಸುವ ಕೆಲಸ ಇಲ್ಲಿ ಶಾಸ್ತ್ರದಿಂದ ಶುರುವಾಯಿತು: ಮೊದಲು ರಾಗಕ್ಕೊಂದು ರೂಪ, ಆಮೇಲೆ ನುಡಿಸುವ ಮನುಷ್ಯ.

ಎರಡನೆಯ ಇಬ್ರಾಹಿಂ ಆದಿಲಶಾಹನ (ಆಳ್ವಿಕೆ 1580-1627) ಕಾಲಕ್ಕೆ ಆ ಮನುಷ್ಯ ಸ್ವತಃ ಸುಲ್ತಾನನೇ ಆದ. ಜಗದ್ಗುರು ಎಂದು ಹೆಸರಾಂತ ಈ ದೊರೆ ದಖ್ಖನಿ ಭಾಷೆಯಲ್ಲಿ ರಾಗಗಳಿಗೆ ಅನುಗುಣವಾಗಿ 'ಕಿತಾಬ್-ಇ-ನವರಸ್' ಎಂಬ ಗೀತಸಂಗ್ರಹ ರಚಿಸಿದ. ಅದರಲ್ಲಿ ಸರಸ್ವತಿ ಮತ್ತು ಗಣಪತಿಯ ಸ್ತುತಿಯಿದೆ, ಕಲಬುರ್ಗಿಯ ಬಂದೇ ನವಾಜ್ ಗೇಸುದರಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ ಅವನು ಮೋತಿ ಖಾನ್ ಎಂದು ಹೆಸರಿಟ್ಟು, ಪ್ರೀತಿಯ ಆನೆ ಆತಶ್ ಖಾನನ ಜೊತೆಗೆ ಅದನ್ನೂ ಹಾಡಿನಲ್ಲಿ ತಂದ. 1599ರಲ್ಲಿ ಬಿಜಾಪುರದ ಪಶ್ಚಿಮಕ್ಕೆ ನವರಸಪುರ ಎಂಬ ಹೊಸ ನಗರಕ್ಕೆ ಅಡಿಪಾಯ ಹಾಕಿಸಿದ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು.

ಈ ಕಾಲದ ಮೂರು ಚಿತ್ರಗಳು ವಿಶೇಷವಾಗಿ ಗಮನಾರ್ಹ. ಮೊದಲನೆಯದು ಪ್ರಾಗಿನ ನಾಪ್ರ್‌ಸ್ಟೆಕ್ ಸಂಗ್ರಹಾಲಯದಲ್ಲಿರುವ, ಫರ್ರುಖ್ ಬೇಗ್ ಬರೆದ ಚಿತ್ರ. ಸುಲ್ತಾನ ತಾನೇ ತಂಬೂರಿ ನುಡಿಸುತ್ತಿದ್ದಾನೆ, ಪರಿವಾರದವರು ಕೇಳುತ್ತಿದ್ದಾರೆ. ಅರಸ ಕೇಳುಗ, ಕಲಾವಿದ ಸೇವಕ ಎಂಬ ವಾಡಿಕೆ ಇಲ್ಲಿ ತಿರುಗುಮುರುಗಾಗಿದೆ. ಎರಡನೆಯದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕಡುಹಸಿರು ಕಾಡಿನ ಹಿನ್ನೆಲೆ, ದೂರದಲ್ಲಿ ಬಿಳಿ ಅರಮನೆ. ಒಳಗಿನ ಉಡುಪು ಕಾಣುವಷ್ಟು ತೆಳುವಾದ ನಿಲುವಂಗಿ ತೊಟ್ಟು ನಿಂತ ಇಬ್ರಾಹಿಂನ ಕೈಯಲ್ಲಿ ಕತ್ತಿಯಿಲ್ಲ, ಹೂವಿಲ್ಲ. ಹರಿದಾಸರು ಹಿಡಿಯುವಂಥ ಚಿಟಿಕೆಯಿದೆ. ಮೊಗಲ್ ಭಾವಚಿತ್ರಗಳಲ್ಲಿ ಅರಸನ ಕೈಗೆ ಆಯುಧ, ಗಿಡುಗ ಅಥವಾ ರತ್ನ ಬರುವುದು ವಾಡಿಕೆ. ತಾಳ ಹಾಕುವ ಮರದ ತುಂಡುಗಳನ್ನು ರಾಜಲಾಂಛನದ ಜಾಗದಲ್ಲಿಟ್ಟದ್ದು ಬಿಜಾಪುರದ ಸ್ವಂತ ಕಲ್ಪನೆ. ಮೂರನೆಯದು ಜೈಪುರದ ರಾಜಸಂಗ್ರಹಕ್ಕೆ ಸೇರಿದ, ಸುಮಾರು 1604ರ ಸರಸ್ವತಿಯ ಚಿತ್ರ. ಸಿಂಹಾಸನವೇರಿ ವೀಣೆ ಹಿಡಿದ ದೇವಿಯನ್ನು ಪರ್ಶಿಯನ್ ತರಬೇತಿಯ ಅದೇ ಫರ್ರುಖ್ ಚಿತ್ರಿಸಿದ್ದಾನೆ.

1603-04ರಲ್ಲಿ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗ್ ಸುಲ್ತಾನನ ಸಂಗೀತದ ಗುಂಗನ್ನು ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. ಹಾಡು ಕೇಳುವುದರಲ್ಲಿ ಮುಳುಗಿದ್ದ ಇಬ್ರಾಹಿಂ ರಾಯಭಾರಿಯ ಮಾತಿಗೆ ಸರಿಯಾಗಿ ಕಿವಿಗೊಡುತ್ತಿರಲಿಲ್ಲ. ಬದಲಿಗೆ ತಾನ್‌ಸೇನನ ಬಗ್ಗೆ ವಿಚಾರಿಸಿದ: ಬಾದಶಹರ ಮುಂದೆ ಹಾಡುವಾಗ ಅವನು ನಿಂತಿರುತ್ತಾನೋ, ಕೂತಿರುತ್ತಾನೋ? ದರ್ಬಾರಿನಲ್ಲಿ ನಿಂತೇ ಹಾಡಬೇಕು, ರಾತ್ರಿಯ ಹೊತ್ತು ಮತ್ತು ಹಬ್ಬದ ಕೂಟಗಳಲ್ಲಿ ಕೂರುವ ಅಪ್ಪಣೆಯುಂಟು ಎಂಬುದು ಅಸದ್ ಬೇಗನ ಉತ್ತರ. ಗಾಯಕ ನಿಂತಿರಬೇಕೇ ಕೂತಿರಬೇಕೇ ಎಂಬುದು ಇಬ್ರಾಹಿಂನಿಗೆ ಮರ್ಯಾದೆಯ ಪ್ರಶ್ನೆ. ಬಿಜಾಪುರದ ಚಿತ್ರಗಳಲ್ಲಿ ವಾದ್ಯ ಹಿಡಿದವರ ಭಂಗಿಯನ್ನು ಓದುವಾಗ ಈ ಮಾತು ನೆನಪಿನಲ್ಲಿರಬೇಕು.

ಆಂಟ್ವರ್ಪಿನಿಂದ ಬಿಜಾಪುರಕ್ಕೆ

ಆದಿಲಶಾಹಿಗಳ ಕೈಯಲ್ಲಿದ್ದ ಗೋವಾ 1510ರಲ್ಲಿ ಪೋರ್ಚುಗೀಸರ ವಶವಾಯಿತು. ಮುಂದೆ ಅಲ್ಲಿನ ಜೆಸ್ಯುಯಿಟ್ ಪಾದ್ರಿಗಳ ಮೂಲಕ ಯುರೋಪಿನ ಅಚ್ಚುಚಿತ್ರಗಳು ಭಾರತದ ಆಸ್ಥಾನಗಳನ್ನು ಹೊಕ್ಕವು. ವಿರಿಕ್ಸ್ ಸೋದರರು, ಸಾಡೆಲರ್ ಮನೆತನದವರು ಕೊರೆದ ತಾಮ್ರದ ತಗಡುಗಳಿಂದ ಆಂಟ್ವರ್ಪ್ ಆಗ ಯುರೋಪಿನ ಅಚ್ಚುಚಿತ್ರಗಳ ದೊಡ್ಡ ಕೇಂದ್ರವಾಗಿತ್ತು. ಅಲ್ಲಿಯ ಪ್ಲಾಂಟಿನ್ ಮುದ್ರಣಾಲಯದ ಬಹುಭಾಷಾ ಬೈಬಲ್ಲನ್ನು ಗೋವಾದಿಂದ ಹೋದ ಪಾದ್ರಿಗಳು 1580ರಲ್ಲಿ ಅಕ್ಬರನಿಗೆ ಅರ್ಪಿಸಿದರು. ಇಲ್ಲಿಗೆ ಬಂದದ್ದರಲ್ಲಿ ಹೆಚ್ಚಿನವು ಧಾರ್ಮಿಕ ಮತ್ತು ಸಾಂಕೇತಿಕ ವಸ್ತುಗಳು. ಪಾದ್ರಿಗಳ ಪೆಟ್ಟಿಗೆಯಲ್ಲಿ ಮೇರಿಯಮ್ಮನಿಗೆ ಇದ್ದ ಜಾಗ ಹೆಂಡದಂಗಡಿಯ ಪಿಟೀಲಿನವನಿಗೆ ಇರುವಂತಿರಲಿಲ್ಲ.

ಬ್ರೂಗೆಸ್ ಊರಿನಲ್ಲಿ ಹುಟ್ಟಿದ ಫ್ಲೆಮಿಶ್ ರತ್ನವ್ಯಾಪಾರಿ ಯಾಕ್ ದ ಕುತ್ರ್ 1604ರಲ್ಲಿ ಗೋವಾದಿಂದ ಬಿಜಾಪುರಕ್ಕೆ ಬಂದು ಇಬ್ರಾಹಿಂನಿಗೆ ಒಡವೆಗಳನ್ನು ತೋರಿಸಿದ. ಅವನ ಆತ್ಮಚರಿತ್ರೆಯಲ್ಲಿ ಈ ನಗರದ ವರ್ಣನೆ ಇದೆ. ಚಿತ್ರಕಲೆಯ ದೃಷ್ಟಿಯಿಂದ ಹೆಚ್ಚು ಮುಖ್ಯನಾದವನು ಹಾರ್ಲೆಮಿನ ಕಾರ್ನೆಲಿಸ್ ಕ್ಲಾಸ್‌ಜೂನ್ ಹೇಡಾ. ಪ್ರಾಗಿನಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಬಳಿ ಇದ್ದ ಇವನು ಪರ್ಶಿಯಾಕ್ಕೆಂದು ಹೊರಟು, ಗೋವಾದ ಮಾರ್ಗವಾಗಿ 1610ರ ಸುಮಾರಿಗೆ ಬಿಜಾಪುರ ಸೇರಿದ. ಮುಂದಿನ ಹತ್ತು ವರ್ಷಕ್ಕೂ ಮಿಕ್ಕಿ ಇಬ್ರಾಹಿಂನ ಆಶ್ರಯದಲ್ಲಿದ್ದು,  1620ರ ದಶಕದ ಆರಂಭದಲ್ಲಿ ಇಲ್ಲೇ ತೀರಿಕೊಂಡ. ಡಚ್ ಈಸ್ಟ್ ಇಂಡಿಯಾ ಕಂಪನಿಯವರಿಗೆ ಅವನು ಬರೆದ ಪತ್ರಗಳು ಉಳಿದಿವೆ. ಸುಲ್ತಾನನಿಗೆ ಅವನು ಬರೆದುಕೊಟ್ಟ ಮೊದಲ ಚಿತ್ರಗಳಲ್ಲಿ ರೋಮನ್ ಪುರಾಣದ ಮದ್ಯದೇವತೆ ಬಾಕಸ್ ಮತ್ತು ಪ್ರೇಮದೇವತೆ ವೀನಸ್ ಇದ್ದರು. ಹೇಡಾನ ತಲೆಮಾರಿನ ಹಾರ್ಲೆಮ್ ಚಿತ್ರಕಾರರಿಗೆ ಮದ್ಯ-ಪ್ರೇಮಗಳ ಪುರಾಣ ಅಚ್ಚುಮೆಚ್ಚಿನ ವಸ್ತು. ಅವನು ಊರು ಬಿಟ್ಟ ಮೇಲೆಯೇ ಅಲ್ಲಿ ದೇವತೆಗಳು ಹಿಂದೆ ಸರಿದು ಪಾನಗೃಹದ ಮನುಷ್ಯರು ಮುಂದೆ ಬಂದದ್ದು. ಹಾಗಾಗಿ ಬಿಜಾಪುರಕ್ಕೆ ಬಂದದ್ದು ಮದ್ಯದ ದೇವತೆ, ಮದ್ಯದಂಗಡಿಯಲ್ಲ. ಹೇಡಾನದೇ ಎಂದು ಖಚಿತವಾಗಿ ಗುರುತಿಸಬಹುದಾದ ಬಿಜಾಪುರದ ಕೃತಿ ಇಂದು ಒಂದೂ ಉಳಿದಿಲ್ಲ.

ಅನುಕರಣ ಹೇಗೆ ನಡೆಯಿತು ಎಂಬುದಕ್ಕೆ ಒಳ್ಳೆಯ ಉದಾಹರಣೆ ಫರ್ರುಖ್ ಬೇಗನದೇ. 1600ರ ನಂತರ ಕೆಲವು ವರ್ಷ ಅವನು ಬಿಜಾಪುರದಲ್ಲಿದ್ದನೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆಮೇಲೆ ಜಹಾಂಗೀರನ ಆಸ್ಥಾನದಲ್ಲಿ, 1615ರ ಸುಮಾರಿಗೆ, ವೃದ್ಧನೊಬ್ಬ ಕುರ್ಚಿಯಲ್ಲಿ ಕುಸಿದು ಕುಳಿತ ಚಿತ್ರ ಬರೆದ. ಮೂಲ ಆಂಟ್ವರ್ಪಿನ ಮಾರ್ಟೆನ್ ಡೆ ವಾಸ್ ರಚಿಸಿ ರಫಾಯೆಲ್ ಸಾಡೆಲರ್ ಕೊರೆದ 'ದುಃಖ' ಎಂಬ ಅಚ್ಚುಚಿತ್ರ. ಭಂಗಿ, ಕುರ್ಚಿ ಆಂಟ್ವರ್ಪಿನವು; ಉಡುಗೆ ಸೂಫಿಯದು; ತಲೆಯ ಮೇಲೆ ಹರಡಿದ ಮರ ದಖ್ಖನಿನ ಚಿತ್ರಗಳಲ್ಲಿ ಕಾಣುವಂಥ ಕನಸಿನ ಮರ. ಫ್ಲೆಮಿಶ್ ಚಿತ್ರದಿಂದ ಇಲ್ಲಿಯವರು ಎತ್ತಿಕೊಂಡದ್ದು ಮೈಯ ಭಾರ, ಬಟ್ಟೆಯ ಮಡಿಕೆ, ನೆರಳು, ದೂರಕ್ಕೆ ಮಸುಕಾಗುವ ನೆಲನೋಟ. ಚಿಟಿಕೆ ಹಿಡಿದ ಇಬ್ರಾಹಿಂನ ಹಿಂದಿನ ಮಬ್ಬು ಕಾಡಿನಲ್ಲೂ ಈ ಪಾಠದ ಗುರುತಿದೆ. ಕಥೆಯನ್ನು ಮಾತ್ರ ಅವರು ಎರವಲು ತರಲಿಲ್ಲ.

ಗೋಡೆಚಿತ್ರಗಳು: ಕುಮಟಗಿ ಮತ್ತು ಅಸರ್ ಮಹಲ್

ಪಾನ ಮತ್ತು ಗಾನ ಒಟ್ಟಿಗೆ ಕಾಣುವ, ಹೀಗಾಗಿ ಫ್ಲೆಮಿಶ್ ವಸ್ತುವಿಗೆ ಅತಿ ಹತ್ತಿರ ಬರುವ ತಾಣ ಕುಮಟಗಿ. ವಿಜಯಪುರದ ಪೂರ್ವಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ ಕೆರೆಯ ಬಳಿ ಆದಿಲಶಾಹಿಗಳ ಬೇಸಿಗೆಯ ವಿಹಾರಧಾಮವಿದೆ: ಕೊಳ, ಕೊಳದ ನಡುವೆ ಮಂಟಪ, ಎತ್ತರದ ಗೋಪುರಗಳಿಂದ ನೀರಿಳಿಸಿ ಕಾರಂಜಿ ಚಿಮ್ಮಿಸುವ ಏರ್ಪಾಡು. ಇಲ್ಲಿಯ ಮಂಟಪವೊಂದರ ಕಮಾನುಗಳ ಒಳಗೋಡೆಗಳಲ್ಲಿ ಪೋಲೊ ಆಟ, ಕುಸ್ತಿ, ಬೇಟೆ, ಸಂಗೀತ, ಪಾನ, ಯುರೋಪಿಯನ್ ಉಡುಪಿನ ಆಳುಗಳು ಇವೆಲ್ಲ ಚಿತ್ರಿತವಾಗಿದ್ದವು. ಪುರಾತತ್ತ್ವ ಇಲಾಖೆಯ ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟವಾದ ತನ್ನ ಬಿಜಾಪುರದ ಗ್ರಂಥದಲ್ಲಿ ಇವುಗಳನ್ನು ವರ್ಣಿಸಿದ. ಕಾಗದದ ಚಿತ್ರಗಳ ಗಾಂಭೀರ್ಯ ಇಲ್ಲಿಲ್ಲ. ದರ್ಬಾರಿನ ಶಿಸ್ತು ಬಿಟ್ಟು ಹಗುರಾದ ಜನ ಇಲ್ಲಿದ್ದಾರೆ. ಆದರೂ ಇದು ಅರಸನ ತೋಟವೇ ಹೊರತು ಊರ ಅಂಗಡಿಯಲ್ಲ.

ಮುಹಮ್ಮದ್ ಆದಿಲಶಾಹ (ಆಳ್ವಿಕೆ 1627-1656) 1646ರ ವೇಳೆಗೆ ಕಟ್ಟಿಸಿದ ಅಸರ್ ಮಹಲಿನ ಮೇಲಂತಸ್ತಿನ ಕೋಣೆಗಳಲ್ಲಿಯೂ ಗೋಡೆಚಿತ್ರಗಳಿವೆ. ಒಂದು ಕೋಣೆಯಲ್ಲಿ ಹೂದಾನಿ ಮತ್ತು ಬಳ್ಳಿಗಳು. ಇನ್ನೊಂದರಲ್ಲಿ ಯುರೋಪಿಯನ್ ರೀತಿಯಲ್ಲಿ ಮೈದುಂಬಿ ನಿಂತ ಸ್ತ್ರೀಪುರುಷರ ದೊಡ್ಡ ಆಕೃತಿಗಳು. ಪ್ರವಾದಿಯವರ ಪವಿತ್ರ ಕೇಶವನ್ನು ಇರಿಸಿದ ಮೇಲೆ ಈ ಕಟ್ಟಡ ಪೂಜ್ಯಸ್ಥಾನವಾಯಿತು. ಆಕೃತಿಗಳ ಮುಖಗಳನ್ನು ಕೆರೆದು ಹಾಕಲಾಗಿದೆ.

ಪಾನಗೃಹ ಚಿತ್ರಕ್ಕೆ ಬಾರದ ಕಾರಣ

ಬಿಜಾಪುರದಲ್ಲಿ ಹೆಂಡದಂಗಡಿಯೇ ಇರಲಿಲ್ಲವೆಂದು ಹೇಳುವಂತಿಲ್ಲ. ಅಸದ್ ಬೇಗ್ ನಗರದ ಪೇಟೆಬೀದಿಯನ್ನು ವರ್ಣಿಸುವಾಗ ಒಡವೆ, ಬಟ್ಟೆ, ಆಯುಧ, ಸುಗಂಧದ ಅಂಗಡಿಗಳ ಸಾಲಿನಲ್ಲೇ ಮದ್ಯದಂಗಡಿಗಳನ್ನೂ ಸೇರಿಸುತ್ತಾನೆ. ಚೀನೀ ಪಾತ್ರೆಗಳು, ಸ್ಫಟಿಕದ ಸೀಸೆಗಳು, ಬೆಲೆಬಾಳುವ ಬಟ್ಟಲುಗಳು ಅಲ್ಲಿ ಜೋಡಿಸಿದ್ದವು. ನರ್ತಕಿಯರೂ ವಿಲಾಸಿಗಳೂ ತುಂಬಿದ್ದರು. ಅಷ್ಟು ಜನರ ನಡುವೆಯೂ ಜಗಳವಿರಲಿಲ್ಲ ಎಂದು ಅವನು ಬೆರಗಾಗುತ್ತಾನೆ. ಬ್ರೌವರನ ಕಣ್ಣಿಗೆ ಇದು ಬಿದ್ದಿದ್ದರೆ ಆ ಜಗಳವಿಲ್ಲದ್ದೊಂದೇ ಅವನಿಗೆ ಕೊರತೆಯಾಗಿ ಕಂಡೀತು. ವಸ್ತು ಬೀದಿಯಲ್ಲಿ ಕಣ್ಣೆದುರಿಗಿತ್ತು. ಚಿತ್ರಕಾರರು ಅದನ್ನು ಮುಟ್ಟಲಿಲ್ಲ.

ಇದಕ್ಕೆ ಮೊದಲ ಕಾರಣ ಚಿತ್ರದ ಗಿರಾಕಿ. ಬಿಜಾಪುರದ ಚಿತ್ರ ಗೋಡೆಗೆ ತೂಗುಹಾಕಲು ಪೇಟೆಯಲ್ಲಿ ಕೊಳ್ಳುವ ಸರಕಾಗಿರಲಿಲ್ಲ. ಅದು ಆಸ್ಥಾನದ ಕಾರ್ಖಾನೆಯಲ್ಲಿ ತಯಾರಾಗಿ, ಹಾಳೆಗಳ ಕಟ್ಟಿನಲ್ಲಿ ಸೇರಿ, ಕೆಲವೇ ಕೈಗಳಲ್ಲಿ ಅಡ್ಡಾಡುತ್ತಿತ್ತು. ಚಿನ್ನದ ರೇಕು, ಬೆಲೆಯುಳ್ಳ ಬಣ್ಣ, ವಾರಗಟ್ಟಲೆ ದುಡಿಮೆ ಬೇಡುವ ಹಾಳೆಯ ಮೇಲೆ ಯಾರು ಬರಬೇಕೆಂಬುದನ್ನು ಅರಸ ನಿರ್ಧರಿಸುತ್ತಿದ್ದ. ತನ್ನ ವರ್ಗದವನಲ್ಲದವನನ್ನು ಕಂಡು ನಗುವ ಮಧ್ಯಮ ವರ್ಗದ ಕೊಳ್ಳುಗ ಇಲ್ಲದ ಕಡೆ ಪಾನಗೃಹದ ಹಾಸ್ಯಚಿತ್ರಕ್ಕೆ ಬೇಡಿಕೆ ಹುಟ್ಟುವುದಿಲ್ಲ.

ಎರಡನೆಯ ಕಾರಣ ಕಾವ್ಯ. ಹೆಂಡದಂಗಡಿ, ಬಟ್ಟಲು ತುಂಬುವ ಸಾಕಿ, ಹಾಡುವ ಮುತ್ರಿಬ್ ಇವರೆಲ್ಲ ಫಾರಸಿ ಕವಿತೆಯ ಕಾಯಂ ನಿವಾಸಿಗಳು. ಸೂಫಿಗಳ ಬಾಯಲ್ಲಿ ಮದ್ಯ ದೈವೀ ಪ್ರೇಮ, ಅಂಗಡಿ ಗುರುವಿನ ಸನ್ನಿಧಿ. ಅಹಮದ್‌ನಗರದಲ್ಲಿ 'ಸಾಕೀನಾಮಾ' ರಚಿಸಿದ ಕವಿ ಜುಹೂರಿ ಬಿಜಾಪುರಕ್ಕೆ ಬಂದು ಇಬ್ರಾಹಿಂನ 'ಕಿತಾಬ್-ಇ-ನವರಸ್'ಗೆ ಮುನ್ನುಡಿ ಬರೆದ. ಮದ್ಯಕ್ಕೆ ಇಂಥ ಅರ್ಥ ಒದಗಿದ್ದ ಕಡೆ ಒಡೆದ ಮಡಕೆ, ಉರುಳಿದ ಕುಡುಕನನ್ನು ಚಿತ್ರಿಸಿ ನೀತಿ ಹೇಳುವ ಅಗತ್ಯ ಆಸ್ಥಾನದ ಚಿತ್ರಕಾರನಿಗೆ ಕಾಣಲಿಲ್ಲ.

ಮೂರನೆಯದು ಸಂಗೀತಕ್ಕಿದ್ದ ಸ್ಥಾನ. ಸುಲ್ತಾನ ಸರಸ್ವತಿಯನ್ನು ತಾಯಿಯೆಂದು ಕರೆದ ಆಸ್ಥಾನದಲ್ಲಿ ತಂತಿ ಮೀಟುವುದು ಹಾಸ್ಯದ ವಸ್ತುವಾಗಲಾರದು. ಇದರಿಂದ ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ. ವೀಣೆ, ತಂಬೂರಿ, ಚಿಟಿಕೆ ಚಿನ್ನದ ಹಾಳೆಯ ಮೇಲೆ ಬಂದವು. ಹಲಗೆ, ಡೊಳ್ಳು, ಸನಾದಿ, ಚೌಡಿಕೆ ಹಿಡಿದು ಊರೂರಿನ ಜಾತ್ರೆ, ಮದುವೆ, ಸಾವುಗಳಲ್ಲಿ ನುಡಿಸಿದವರು ಈ ಹಾಳೆಗಳ ಹೊರಗುಳಿದರು. ಬ್ರೂಗೆಲನ ತಿತ್ತಿಕೊಳಲಿನವನು ನಗೆಪಾಟಲಾದರೂ ಅವನ ಮುಖ, ಹಸಿವು, ಬಟ್ಟೆ, ವಾದ್ಯ ನಾಲ್ಕೂವರೆ ಶತಮಾನದ ಮೇಲೆ ನಮಗೆ ಸ್ಪಷ್ಟವಾಗಿ ಕಾಣುತ್ತವೆ. ಅವನ ಸಮಕಾಲೀನನಾದ ಕೃಷ್ಣಾ ತೀರದ ಹಲಗೆಯವನ ಒಂದು ಮುಖಚಿತ್ರವನ್ನೂ ಬಿಜಾಪುರದ ಚಿತ್ರಶಾಲೆ ನಮಗೆ ಬಿಟ್ಟುಹೋಗಿಲ್ಲ.

ಎದುರು ಹರಿವು ಮತ್ತು ನಂತರದ ಕಾಲ

ಅನುಕರಣ ಒಂದೇ ದಿಕ್ಕಿನಲ್ಲಿ ಸಾಗಲಿಲ್ಲ. ಡಚ್ ಹಡಗುಗಳಲ್ಲಿ ಮೊಗಲ್ ಮತ್ತು ದಖ್ಖನಿ ಚಿತ್ರಗಳು ಆಮ್‌ಸ್ಟರ್‌ಡ್ಯಾಮ್ ತಲುಪಿದವು. ರೆಂಬ್ರಾಂಟ್ 1656-61ರ ಸುಮಾರಿಗೆ ಜಪಾನಿ ಕಾಗದದ ಮೇಲೆ ಇಂಥ ಚಿತ್ರಗಳ ಇಪ್ಪತ್ತಕ್ಕೂ ಹೆಚ್ಚು ನಕಲುಗಳನ್ನು ತೆಗೆದ. ಅವುಗಳಲ್ಲಿ ದಖ್ಖನಿ ಉಡುಗೆಯ ಸರದಾರನೂ ಇದ್ದಾನೆ. ವಿಲ್ಲೆಮ್ ಸ್ಕೆಲ್ಲಿಂಕ್ಸ್ ಭಾರತೀಯ ಚಿತ್ರಗಳಿಂದ ಆಕೃತಿಗಳನ್ನು ಎತ್ತಿಕೊಂಡು ತೈಲವರ್ಣದಲ್ಲಿ ವಿಚಿತ್ರ ದರ್ಬಾರುಗಳನ್ನು ಕಟ್ಟಿದ. ಪಾನಗೃಹದ ನಾಡಿನವರಿಗೆ ನಮ್ಮ ಕಡೆಯಿಂದ ಬೇಕಾದದ್ದು ಅರಸರು, ಸಂತರು. ಅಲ್ಲಿಯೂ ಆಯ್ಕೆ ಅವರವರ ಹಂಬಲದಂತೆ ನಡೆಯಿತು.

ಬಿಜಾಪುರ 1686ರಲ್ಲಿ ಔರಂಗಜೇಬನಿಗೆ ಸೋತ ಮೇಲೆ ಆಸ್ಥಾನದ ಚಿತ್ರಶಾಲೆ ಚೆದುರಿತು. ದಖ್ಖನಿ ಬಗೆಯ ಕೆಲವು ಲಕ್ಷಣಗಳು ಸುರಪುರದ ಗರುಡಾದ್ರಿ ಮನೆತನದ ಚಿನ್ನದ ಕೆಲಸದ ಚಿತ್ರಗಳಲ್ಲಿ ಮುಂದುವರಿದವು. ಸಂಗೀತಗಾರರನ್ನು ಯುರೋಪಿಯನ್ ತೈಲವರ್ಣದಲ್ಲಿ ಕರ್ನಾಟಕಕ್ಕೆ ತಂದ ಹೆಸರಾಂತ ಕೃತಿ ರಾಜಾ ರವಿವರ್ಮನದು. ಮೈಸೂರಿನ ಚಾಮರಾಜೇಂದ್ರ ಒಡೆಯರಿಗಾಗಿ 1889ರಲ್ಲಿ ಬರೆದ, ಇಂದು ಜಗನ್ಮೋಹನ ಅರಮನೆಯಲ್ಲಿರುವ ಈ ಚಿತ್ರದಲ್ಲಿ ಬೇರೆ ಬೇರೆ ಪ್ರಾಂತ, ಮತ, ಉಡುಗೆಗಳ ಹನ್ನೊಂದು ಮಹಿಳೆಯರು ವಾದ್ಯಗಳೊಂದಿಗೆ ಗುಂಪುಗೂಡಿದ್ದಾರೆ. ನೆರಳು-ಬೆಳಕು, ರೇಷ್ಮೆಯ ಮಿರುಗು, ಮೈಯ ಘನತೆ ಯುರೋಪಿನ ಪಾಠ. ಲೋಟ ಮಾತ್ರ ಎಲ್ಲೂ ಇಲ್ಲ. ವೀಣೆ ಶೇಷಣ್ಣನವರ ಶಿಷ್ಯರಾಗಿ ಸ್ವತಃ ವೈಣಿಕರಾಗಿದ್ದ ಕೆ. ವೆಂಕಟಪ್ಪ (1886-1965) ತಮ್ಮ ವೀಣೆಯ ಹುಚ್ಚನ್ನೇ ವಸ್ತುವಾಗಿಸಿ ಉಬ್ಬುಶಿಲ್ಪ ಮಾಡಿದರು. ನುಡಿಸುವವನೇ ಚಿತ್ರಿಸುವವನಾದ ಈ ಉದಾಹರಣೆಯಲ್ಲಿ ಸಂಗೀತ ಮತ್ತೆ ಸಾಧನೆಯ ರೂಪ ತಾಳಿದೆ.

ಅಧ್ಯಯನ ಮತ್ತು ಉಳಿವು

ದಖ್ಖನಿ ಚಿತ್ರಕಲೆಯನ್ನು ಮೊಗಲ್ ಕಲೆಯ ಬಾಲವೆಂದು ನೋಡುವ ರೂಢಿಯನ್ನು ಬದಲಿಸಿದ ಮುಖ್ಯ ಗ್ರಂಥ ಮಾರ್ಕ್ ಝೆಬ್ರೌಸ್ಕಿಯದು (1983). ಡೆಬೊರಾ ಹಟನ್ 2006ರಲ್ಲಿ ಬಿಜಾಪುರದ ಆಸ್ಥಾನಕಲೆಯನ್ನು ಕುರಿತ ಪುಸ್ತಕ ಹೊರತಂದರು. ರೆಬೆಕಾ ಟಕರ್ ಜೊತೆಗೂಡಿ ಹೇಡಾನ ಬದುಕನ್ನು ಅವನ ಪತ್ರಗಳಿಂದ ಬಿಡಿಸಿ ತೋರಿಸಿದರು. 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ದಖ್ಖನಿನ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನ ಏರ್ಪಡಿಸಿತು.

ಈ ಚಿತ್ರಗಳನ್ನು ಕಣ್ಣಾರೆ ನೋಡಬಯಸುವ ಕನ್ನಡಿಗರ ಎದುರು ಎರಡು ದಾರಿಗಳಿವೆ. ಕಾಗದದ ಚಿತ್ರಗಳು ಪ್ರಾಗ್, ಲಂಡನ್, ಡಬ್ಲಿನ್, ನ್ಯೂಯಾರ್ಕ್, ಜೈಪುರಗಳಲ್ಲಿ ಹಂಚಿಹೋಗಿವೆ. ಗೋಡೆಯ ಚಿತ್ರಗಳು ಹುಟ್ಟಿದ ಜಾಗದಲ್ಲೇ ಇವೆ. ಬಾದಾಮಿಯ ಮೂರನೆಯ ಗುಹೆ, ವಿಜಯಪುರದ ಅಸರ್ ಮಹಲ್, ಕುಮಟಗಿಯ ಮಂಟಪ ಈ ಮೂರನ್ನೂ ಕೃಷ್ಣೆಯ ಎರಡು ದಂಡೆಗಳ ಒಂದೇ ಪ್ರವಾಸದಲ್ಲಿ ನೋಡಬಹುದು. ಮೂರೂ ಕಡೆ ಬಣ್ಣ ವರ್ಷದಿಂದ ವರ್ಷಕ್ಕೆ ಸವೆಯುತ್ತಿರುವುದರಿಂದ ಹಳೆಯ ನಕಲುಗಳು, ಕಸಿನ್ಸನ ವರ್ಣನೆ ಇವು ಈಗ ಮೂಲಕ್ಕೆ ಸಮನಾದ ಆಧಾರಗಳಾಗಿವೆ.